ಪದ ಊರಿನದು, ಗಂಟಲು ತಾಯಮ್ಮನದು

ಬಸರಾಳಿನ ತಾಯಮ್ಮನ ಹಾಡನ್ನು ತಾಯಮ್ಮನೇ ಕದ್ದಿದ್ದಾಳೆ ಎಂದು ಒಂದು ಯಂತ್ರ ತೀರ್ಪು ಕೊಟ್ಟಾಗ ನಾನು ಕೆಲಸ ಬಿಟ್ಟು, ಮಂಡ್ಯದ ಮನೆಯಲ್ಲಿ ಪೇಪರು ಓದುತ್ತ, ಹೆಂಡತಿಯಿಂದ ಬೈಸಿಕೊಳ್ಳುತ್ತ ಆರಾಮವಾಗಿದ್ದೆ. ಫೋನ್ ಮಾಡಿದವಳು ತಾಯಮ್ಮನ ಸೊಸೆ ಸವಿತಾ.

"ಅನ್ವರಣ್ಣ, ನಮ್ಮತ್ತೆ ಚಾನೆಲ್ ಮೇಲೆ ಎರಡು ಸಲ ದೂರು ಬಿದ್ದದೆ. ಇನ್ನೊಂದು ಬಿದ್ರೆ ಚಾನೆಲ್ಲೇ ತೆಗ್ದಾಕ್ತೀವಿ ಅಂತ ಬಂದದೆ. ಅತ್ತೆ ಊಟ ಬುಟ್ಟು ಕುಂತವ್ರೆ, ನಂಗೆ ಕಳ್ಳಿ ಅಂದವ್ರೆ ಅಂತ."

ತಾಯಮ್ಮ ಮದುವೆಗಳಲ್ಲಿ ಸೋಬಾನೆ ಪದ ಹೇಳುವವಳು. ಸುತ್ತಿನ ಹಳ್ಳಿಗಳಲ್ಲಿ ಅವಳಿಲ್ಲದೆ ಎಣ್ಣೆಶಾಸ್ತ್ರ ಆದ ಮನೆ ಕಡಿಮೆ. ಅವಳು ನನಗಿಂತ ಹಿರಿಯಳು. ಆದರೂ ಏಕವಚನದಲ್ಲೇ ಬರೆಯುತ್ತೇನೆ, ತಾಯಿಯಂಥವಳಿಗೆ ಬಹುವಚನ ಹಚ್ಚಿದರೆ ಅವಳಿಗೇ ಸಿಟ್ಟು. ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಮಾತು ಬಂತೇ ಹೊರತು ಹಾಡು ಬರಲಿಲ್ಲ. ಅದಕ್ಕೂ ಮುಂಚೆ ಮದುವೆ ಮನೆಗಳಲ್ಲಿ ಅವಳು ಹೇಳಿದ್ದನ್ನು ಸವಿತಾ ಫೋನಿನಲ್ಲಿ ಹಿಡಿದು ಅಂತರ್ಜಾಲದಲ್ಲಿ ಒಂದು ಚಾನೆಲ್ ಮಾಡಿ ಹಾಕುತ್ತ ಬಂದಿದ್ದಳು. ಚಾನೆಲ್ ಹೋಗುವ ಮೊದಲು ಎಲ್ಲವನ್ನೂ ಇಳಿಸಿಕೊಂಡು ಒಂದು ಕಡೆ ಜೋಪಾನ ಮಾಡು ಎಂದೆ ನಾನು. ಅತ್ತ ಫೋನು ಕಿತ್ತುಕೊಂಡು ತಾಯಮ್ಮ, ಗಾಳಿ ಹೊರಟಂಥ ದನಿಯಲ್ಲಿ, "ಪೆಟ್ಗೇಲಿ ಇಟ್ಕಂಡು ನಾನೇನ್ ಮಾಡ್ಲಿ ಸಾಬ್ರೆ? ಎಣ್ಮಕ್ಳು ನೋಡಿ ಕಲೀಲಿ ಅಂತ ಆಕ್ಸಿದ್ದು," ಎಂದಳು.

ಹೊಸದಾಗಿ ಸೌಂಡಿನ ಕೆಲಸಕ್ಕೆ ಬರುವವರು ನನ್ನ ಹತ್ತಿರ ಬಂದು ಯಾವ ಮೈಕ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಈ ಹಾಡು ಯಾರದು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ ಅನ್ನಿ. ಜೀವಮಾನ ಪೂರ್ತಿ ಬೇರೆಯವರ ಹಾಡು ಹಿಡಿದು ಹೊಟ್ಟೆ ಹೊರೆದವನು ನಾನು, ಅದು ಯಾರದು ಎಂದು ಸರಿಯಾಗಿ ತಿಳಿದದ್ದು ನಿವೃತ್ತನಾದ ಮೇಲೆ. ನಿಮಗೆ ಅಷ್ಟು ತಡವಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕ್ಯಾಸೆಟ್ಟಿನ ಕಾಲದಿಂದ ಶುರು ಮಾಡುತ್ತೇನೆ. ಮಂಡ್ಯದಲ್ಲಿ ಚಿಕ್ಕೇಗೌಡರು ಎಂಬುವರು ಜಾನಪದ ಕ್ಯಾಸೆಟ್ಟಿನ ಕಂಪನಿ ಇಟ್ಟಿದ್ದರು. ಕಂಪನಿ ಎಂದರೆ ಗೊಬ್ಬರದ ಅಂಗಡಿಯ ಮೇಲಿನ ಒಂದು ರೂಮು, ರೆಕಾರ್ಡ್ ಮಾಡುವವನು ನಾನು. ಗೋಡೆಗೆಲ್ಲ ಹಳೆಯ ರಗ್ಗು, ಕೌದಿ ಹೊಡೆದಿದ್ದೆವು. ಆದರೂ ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿದರೆ ರೆಕಾರ್ಡಿಂಗ್ ನಿಲ್ಲಿಸಿ ಬೀಡಿ ಹಚ್ಚಬೇಕಿತ್ತು. ಗೌಡರು ಕಬ್ಬು ಬೆಳೆಯುವ ಮನೆತನದವರು, ಜೋರು ದನಿ, ಬಿಗಿ ಕೈ. ಹಾಡು ಎಂದರೆ ಪ್ರಾಣ. ಕೇಳಿ ಗೊಳೋ ಎಂದು ಅಳುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಹಕ್ಕಿನ ಕಾಗದಕ್ಕೆ ಹಾಡಿದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಎರಡೂ ನಿಜವೇ.

ತಾಯಮ್ಮ ಮೊದಲ ಸಲ ತನ್ನ ಜೊತೆಯ ಹೆಂಗಸರನ್ನು ಕಟ್ಟಿಕೊಂಡು ಬಂದಾಗ ಮೈಕಿನ ಮುಂದೆ ಕೂತು ಸುತ್ತ ನೋಡಿ, "ಎಣ್ಣೆಲ್ಲಿ?" ಎಂದಳು.

"ಯಾವ ಎಣ್ಣವ್ವ?" ಎಂದರು ಗೌಡರು.

"ಮದ್ವೆ ಎಣ್ಣು. ಎಣ್ಣಿಲ್ದೆ ಯಾರ್ಗೆ ಸೋಬಾನೆ ಯೋಳಾನ?"

ಸೋಬಾನೆ ಪದದಲ್ಲಿ ಮದುವೆ ಹೆಣ್ಣಿನ ಹೆಸರು ಬರಬೇಕು. ಅದು ಅವರ ಪದ್ಧತಿ, ಹೆಸರಿಲ್ಲದೆ ಪದ ಮುಂದೆ ಹೋಗುವುದಿಲ್ಲ. ಯಾವುದಾದರೂ ಒಂದು ಹೆಸರು ಹಾಕಿ ಹೇಳಿ ಎಂದು ಗೌಡರು ಪರಿಪರಿಯಾಗಿ ಕೇಳಿಕೊಂಡರು. "ಇಲ್ದಿರೋ ಎಣ್ಣಿಗೆ ಯೋಳುದ್ರೆ ಯಾರ್ಗೆ ಒಳ್ಳೇದಾಯ್ತದೆ? ಸುಮ್ನೆ ನಾಲ್ಗೆ ದಂಡ," ಎಂದು ತಾಯಮ್ಮ ಎಲೆಅಡಿಕೆ ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ನನ್ನ ತಂಗಿ ಫಾತಿಮಾ ನನಗೆ ಊಟದ ಕ್ಯಾರಿಯರ್ ತಂದಳು. ತಾಯಮ್ಮ ಅವಳನ್ನು ಮೇಲಿಂದ ಕೆಳಕ್ಕೆ ನೋಡಿ, "ಮದ್ವೆ ಗೊತ್ತಾಗದಾ ಮಗ?" ಎಂದಳು. ಗೊತ್ತಾಗಿತ್ತು. "ಅಂಗಾರೆ ಕುಂತ್ಕೊ ಇಲ್ಲಿ," ಎಂದು ಸ್ಟೂಲಿನ ಮೇಲೆ ಕೂರಿಸಿಯೇ ಬಿಟ್ಟಳು. ಆ ಕ್ಯಾಸೆಟ್ಟಿನ ಎಲ್ಲ ಪದಗಳಲ್ಲೂ ನಮ್ಮ ಫಾತಿಮಾ ಇದ್ದಾಳೆ. ಹೆಣ್ಣೊಪ್ಪಿಸುವ ಪದಗಳು ಬಂದಾಗ ಅವಳು ತಡೆಯಲಾರದೆ ಬಿಕ್ಕಿದ್ದೂ ಟೇಪಿನಲ್ಲಿ ಬಂತು. ನಾನು ತೆಗೆಯಲು ಹೋದರೆ ಗೌಡರು, "ಇರ್ಲಿ ಬುಡ್ಲಾ, ಅಳು ಇದ್ರೇ ಚೆಂದ," ಎಂದರು. ಮನೆಯಲ್ಲಿ ಅಮ್ಮಿ ಮಾತ್ರ ಒಂದು ವಾರ ನಕ್ಕಳು, ನಿಕಾಹ್‌ಗೆ ಮುಂಚೆ ಸೋಬಾನೆಯಾದ ಸಾಬರ ಹುಡುಗಿ ಇವಳೊಬ್ಬಳೇ ಎಂದು.

ಕ್ಯಾಸೆಟ್ ಚೆನ್ನಾಗಿ ಹೋಯಿತು. ಚೆನ್ನಾಗಿ ಹೋದದ್ದರ ಹಿಂದೆ ನಕಲಿ ಬರುತ್ತದೆ, ಬೆಲ್ಲ ಇದ್ದಲ್ಲಿ ಇರುವೆ. ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ನಮ್ಮ ಕ್ಯಾಸೆಟ್ಟುಗಳನ್ನೇ ನಕಲು ಮಾಡಿ ಮಾರುತ್ತಿದ್ದಾನೆ ಎಂದು ಸುದ್ದಿ ಬಂತು. ಗೌಡರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು, ದಾರಿಯುದ್ದಕ್ಕೂ ಅವನ ವಂಶವನ್ನು ಜಾಲಾಡುತ್ತ ಹೋದರು. ಅಂಗಡಿಯ ಮುಂದೆ ಗಿರಾಕಿಯೊಬ್ಬ ನಕಲಿ ಕ್ಯಾಸೆಟ್ಟಿಗೆ ಕೈಚಾಚಿ ನಿಂತಿದ್ದ. ಮೊದಲು ಅವನ ರಟ್ಟೆ ಹಿಡಿದು ತಿರುಗಿಸಿದರು. ನೋಡಿದರೆ ನಮ್ಮ ನೀಲಗಾರರ ಸಿದ್ದಯ್ಯ. ಹೆಗಲಿಗೆ ತಂಬೂರಿ ನೇತುಹಾಕಿಕೊಂಡು ಊರೂರು ತಿರುಗಿ ಕಥೆ ಹಾಡುವವನು. ಕೊಳ್ಳುತ್ತಿದ್ದುದು ತಾನೇ ಹಾಡಿದ ಕ್ಯಾಸೆಟ್ಟಿನ ನಕಲು.

"ನೀನೇ ಇಂಗ್ ಮಾಡುದ್ರೆ ಎಂಗ್ಲಾ ಸಿದ್ದ?" ಎಂದರು ಗೌಡರು.

"ನೀವು ಒಂದೂ ಕೊಡ್ನಿಲ್ಲ ಗೌಡ್ರೆ. ನನ್ ಪದ ನಾನ್ ಕೇಳ್ಬೇಡ್ವಾ? ಇವ್ನು ಕೊಟ್ಟ, ತಕ್ಕಂಡೆ," ಎಂದ ಸಿದ್ದಯ್ಯ ಏನೂ ಅಳುಕದೆ.

ಗೌಡರು ಕಳ್ಳನನ್ನು ಬೈಯುವುದನ್ನೇ ಮರೆತು ಜೀಪು ಹತ್ತಿದರು. ಮಾರನೆಯ ದಿನದಿಂದ ಹಾಡಿದವರಿಗೆಲ್ಲ ಮೊದಲು ಕ್ಯಾಸೆಟ್ ಕೊಟ್ಟು ಆಮೇಲೆ ಅಂಗಡಿಗೆ ಕಳಿಸುವ ರೂಢಿ ಬಂತು. ಗೌಡರಿಗೆ ಯಾರಾದರೂ ಬುದ್ಧಿ ಹೇಳಿದರೆ ರೇಗುತ್ತಿದ್ದರು. ತಾನಾಗಿ ನಾಟಿದರೆ ಮಾತ್ರ ನಾಟಿತು.

ಕ್ಯಾಸೆಟ್ ಹೋಗಿ ಸಿ.ಡಿ. ಬಂತು. ಸಿ.ಡಿ. ಕಣ್ಣು ಬಿಡುವುದರೊಳಗೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕಾಲ ಬಂತು. ಹುಡುಗರು ಉಗುರಿನಗಲದ ಕಾರ್ಡು ಕೊಟ್ಟು ನಮ್ಮ ಇಡೀ ಕಂಪನಿಯನ್ನು ಜೇಬಿಗಿಳಿಸಿಕೊಂಡು ಹೋಗುತ್ತಿದ್ದರು. ಇದಕ್ಕೆ ಗೌಡರು ಒಂದು ಮದ್ದು ಕಂಡುಹಿಡಿದರು. ಪ್ರತಿ ಹಾಡಿನ ನಡುವೆ ತಮ್ಮ ದನಿಯಲ್ಲಿ ಒಂದು ಎಚ್ಚರಿಕೆ ಸೇರಿಸು ಎಂದರು. "ನಕಲಿ ಕಂಡು ಮೋಸ ಹೋಗಬೇಡಿ, ಅಸಲಿಯನ್ನೇ ಕೇಳಿ ಪಡೆಯಿರಿ." ಬೇಡ ಗೌಡ್ರೆ, ಹಾಡು ಕೆಡುತ್ತದೆ ಎಂದೆ. ಸಂಬಳ ಯಾರು ಕೊಡೋದು ಎಂದರು. ಸೇರಿಸಿದೆ.

ಮದ್ದೂರಿನ ಒಂದು ಛತ್ರದಲ್ಲಿ ಮದುವೆ. ಹೇಳುವವರು ಸಿಗಲಿಲ್ಲವೆಂದು ನಮ್ಮ ಸಿ.ಡಿ. ಹಾಕಿದ್ದರು. ಹೆಣ್ಣೊಪ್ಪಿಸುವ ಹೊತ್ತು. ತಾಯಿ ಮಗಳ ಕೈ ಹಿಡಿದು ಗಂಡಿನ ಕಡೆಯವರ ಕೈಗೆ ಇಡುತ್ತಿದ್ದಾಳೆ, ಛತ್ರವೆಲ್ಲ ಕಣ್ಣೊರೆಸಿಕೊಳ್ಳುತ್ತಿದೆ, ಸ್ಪೀಕರ್ ಪೆಟ್ಟಿಗೆಯಿಂದ ಗೌಡರ ಗಡಸು ದನಿ ಹೊರಟಿತು: ನಕಲಿ ಕಂಡು ಮೋಸ ಹೋಗಬೇಡಿ. ಗಂಡಿನ ಸೋದರಮಾವ ಎದ್ದೇ ನಿಂತನಂತೆ, ಯಾವನ್ಲಾ ಅವ್ನು ಅಂತ. ಹೆಣ್ಣಿನ ಅಪ್ಪ ಮಾರನೆಯ ದಿನ ಸಿ.ಡಿ. ಹಿಡಿದು ಮಂಡ್ಯಕ್ಕೆ ಬಂದು ಗೌಡರಿಗೆ ಮಂಗಳಾರತಿ ಎತ್ತಿದರು. ಅದರಲ್ಲಿ ಒಂದು ಮಾತು ನನಗೆ ಚುಚ್ಚಿತು. "ನ್ಯಾಯ್ವಾಗಿ ದುಡ್ಡು ಕೊಟ್ಟು ತಕ್ಕಂಡ ನಂಗೆ ಈ ಶಿಕ್ಷೆ. ನಮ್ ಪಕ್ಕದ್ಮನೆಯವ್ನು ಮೊಬೈಲ್ ಅಂಗ್ಡೀಲಿ ತುಂಬುಸ್ಕಂಡವ್ನೆ, ಅದ್ರಲ್ಲಿ ನಿಮ್ ಮಾತೇ ಇಲ್ಲ." ಹೌದು, ನಕಲು ಮಾಡುವವನು ನಮ್ಮ ಎಚ್ಚರಿಕೆಯನ್ನು ನೀಟಾಗಿ ಕತ್ತರಿಸಿ ಹಾಡು ಮಾತ್ರ ಕೊಡುತ್ತಿದ್ದ. ಕಳ್ಳನಿಗೆ ಬೀಗ ಹಾಕಲು ಹೋಗಿ ನೆಂಟನನ್ನು ಹೊರಗೆ ನಿಲ್ಲಿಸಬೇಡಿ. ನಿಮ್ಮ ಕಾಲದ ಬೀಗಗಳಿಗೂ ಈ ಮಾತು ಸಲ್ಲುತ್ತದೆ.

ಗೌಡರು ತೀರಿಕೊಂಡ ಮೇಲೆ ಮಗ ಎಲ್ಲ ಟೇಪುಗಳನ್ನೂ ಹಕ್ಕಿನ ಸಮೇತ ಬೆಂಗಳೂರಿನ ಒಂದು ಕಂಪನಿಗೆ ಕೊಟ್ಟುಬಿಟ್ಟ. ಆ ಕಂಪನಿ ಅವನ್ನು ಅಂತರ್ಜಾಲಕ್ಕೆ ಏರಿಸಿ, ಹಾಡು ಹಾಡನ್ನು ಹೋಲಿಸಿ ನೋಡುವ ಯಂತ್ರದ ಕಾವಲು ಹಾಕಿತು. ಅಂಥದೇ ಹಾಡು ಬೇರೆ ಯಾರಾದರೂ ಹಾಕಿದರೆ ಯಂತ್ರ ಹಿಡಿಯುತ್ತದೆ, ದೂರು ಹೋಗುತ್ತದೆ. ಸವಿತಾ ಹಾಕಿದ್ದ ತಾಯಮ್ಮನ ಪದಗಳಲ್ಲಿ ಅದೇ ರಾಗ, ಅದೇ ದನಿ. ಯಂತ್ರಕ್ಕೆ ಬೇರೇನು ಬೇಕು?

ಸವಿತಾಳ ಫೋನ್ ಬಂದ ಮೇಲೆ ಬಸರಾಳಿಗೆ ಹೋಗಿ ಕೂತು, ದೂರು ಬಿದ್ದ ಒಂದೊಂದೇ ವಿಡಿಯೋ ಕೇಳಿದೆ. ಹೆಚ್ಚಿನವು ನಿಜಕ್ಕೂ ಮದುವೆ ಮನೆಗಳಲ್ಲಿ ಹೊಸದಾಗಿ ಹೇಳಿದವು. ಎರಡರಲ್ಲಿ ಮಾತ್ರ ಒಂದು ಬಿಕ್ಕು ಕೇಳಿಸಿತು. ಅದು ಯಾರ ಬಿಕ್ಕು ಎಂದು ನನಗೆ ಹೇಳಿಕೊಡಬೇಕೇ? ಸವಿತಾಳ ಮುಖ ನೋಡಿದೆ.

"ಅತ್ತೆ ಗಂಟ್ಲು ಓದ್ಮೇಲೆ ಕ್ಯಾಸೆಟ್ನಿಂದ ತಕ್ಕಂಡು, ಫೋಟೋ ಕೂಡ್ಸಿ ಆಕ್ದೆ. ಅತ್ತೇದೇ ಅಲ್ವಾ ಅಂತ," ಎಂದಳು.

"ಆ ಎರಡೂ ಕಂಪನಿಯವರದು. ಗೌಡರು ರೂಮು ಕಟ್ಟಿ ಹಿಡಿಸಿದ್ದು, ಅವರ ಮಗ ಮಾರಿದ್ದು. ಅವನ್ನು ತೆಗಿ. ಮಿಕ್ಕಿದ್ದಕ್ಕೆ ಜಗಳ ಆಡೋಣ," ಎಂದೆ.

ತಾಯಮ್ಮ ಗೋಡೆಗೆ ಒರಗಿ ಕೇಳುತ್ತಿದ್ದಳು. "ಟೇಪು ಅವ್ರುದು. ಪದ ಯಾರ್ದು?"

"ಪದ ಊರಿಂದು. ಯಾರು ಬೇಕಾದ್ರೂ ಹೇಳ್ಬೋದು."

"ಸರಿ. ಗಂಟ್ಲು ನಂದಲ್ವಾ? ಅವ್ರು ಆಕಿರೋದ್ರಲ್ಲಿ ನನ್ನೆಸ್ರು ಎಲ್ಲದೆ ತೋರ್ಸು."

ತೋರಿಸಲು ಹೋದೆ. ಕಂಪನಿಯ ಪುಟದಲ್ಲಿ ಹಾಡಿದವರು ಎಂಬಲ್ಲಿ 'ಜಾನಪದ' ಎಂದಿತ್ತು. ಜಾನಪದ ಎಂಬ ಹೆಸರಿನ ಹೆಂಗಸನ್ನು ನಾನು ಯಾವತ್ತೂ ರೆಕಾರ್ಡ್ ಮಾಡಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಮೈಯೂ ಉರಿಯಿತು.

ದೂರಿಗೆ ಎದುರಾಗಿ ಆಕ್ಷೇಪಣೆ ಬರೆಯುವುದು ಹುಡುಗಾಟವಲ್ಲ. ಕಂಪನಿ ಒಪ್ಪದಿದ್ದರೆ ಅದೇ ಮೂರನೆಯ ದೂರಾಗಿ ಚಾನೆಲ್ ಮುಚ್ಚಬಹುದು ಎಂದು ಸವಿತಾ ಓದಿ ಹೇಳಿದಳು. "ಕಳಿಸಣ್ವಾ ಅತ್ತೆ?" ಎಂದಳು. ತಾಯಮ್ಮ, "ಕಳ್ಳಿ ಅನ್ನಿಸ್ಕಂಡು ಇರೋದ್ಕಿಂತ ಬಾಯ್ಬುಟ್ಟು ಯೋಳಿ ಓಗೋದು ವಾಸಿ. ಕಳ್ಸು," ಎಂದಳು. ಕಳಿಸಿದೆವು. ಆಮೇಲೆ ನಾನು ಕಂಪನಿಗೆ ಫೋನಿನ ಮೇಲೆ ಫೋನು ಮಾಡಿ, ಒತ್ತಿ ಎಂದ ಅಂಕಿಗಳನ್ನೆಲ್ಲ ಒತ್ತಿ, ಕೊನೆಗೆ ಪೂರ್ಣಿಮಾ ಎಂಬ ಹುಡುಗಿಯನ್ನು ಹಿಡಿದೆ. ಹಕ್ಕಿನ ವಿಭಾಗದವಳು.

"ಸರ್, ನಮ್ಮ ಸಿಸ್ಟಮ್ ಎರಡೂ ಒಂದೇ ಅಂತ ತೋರಿಸ್ತಿದೆ."

"ನಿಮ್ಮ ಸಿಸ್ಟಮ್ಮು ಯಾವತ್ತಾದರೂ ಮದುವೆಗೆ ಹೋಗಿದೆಯೇನಮ್ಮ? ನೀನು ಕಿವಿ ಕೊಟ್ಟು ಕೇಳು. ಹೆಣ್ಣಿನ ಹೆಸರು ಏನು ಬರುತ್ತದೆ ಅಂತ ಹೇಳು."

ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಸರ್, ನಮ್ಮ ಕ್ಯಾಸೆಟ್ಟಲ್ಲಿ ಫಾತಿಮಾ ಅಂತ ಬರುತ್ತೆ. ಸೋಬಾನೆಲಿ ಫಾತಿಮಾ ಹೇಗೆ ಸರ್?"

"ನನ್ನ ತಂಗಿ ಕಣಮ್ಮ," ಎಂದು ಕಥೆ ಹೇಳಿದೆ. ಅವಳು ನಕ್ಕಳು. ಆಮೇಲೆ ಸವಿತಾಳ ವಿಡಿಯೋಗಳಲ್ಲಿ ಭಾಗ್ಯ, ರಮ್ಯ, ಪವಿತ್ರ ಎಂದು ಬರುತ್ತಿದೆ ಎಂದಳು. ಬೇರೆ ಹೆಣ್ಣು, ಬೇರೆ ಮದುವೆ, ಬೇರೆ ದಿನ ಹೇಳಿದ್ದು, ಪದ ಹಳೆಯದು ಎಂದೆ. ಕ್ಯಾಸೆಟ್ಟಿನ ಎರಡನ್ನು ನಾವೇ ತೆಗೆದಿದ್ದೇವೆ ಎಂದೂ ಹೇಳಿದೆ. ಅದನ್ನು ಮುಚ್ಚಿಟ್ಟಿದ್ದರೆ ಮಿಕ್ಕ ಮಾತನ್ನೂ ಅವಳು ನಂಬುತ್ತಿರಲಿಲ್ಲ.

ಕೆಲವು ದಿನ ಏನೂ ಇಲ್ಲ. ಆಮೇಲೆ ದೂರುಗಳನ್ನು ವಾಪಸ್ ಪಡೆದಿದ್ದೇವೆ ಎಂದು ಬಂತು. ಚಾನೆಲ್ ಉಳಿಯಿತು. ಹಾಡಿದವರ ಜಾಗದಲ್ಲಿ ತಾಯಮ್ಮನ ಹೆಸರು ಹಾಕಿ ಎಂಬ ಕೋರಿಕೆಗೆ ಪೂರ್ಣಿಮಾ ಮೇಲಿನವರನ್ನು ಕಾಡಿ ಬೇಡಿ ಒಪ್ಪಿಸಿದಳು. ಹಾಡಿದವರು: ತಾಯಮ್ಮ ಮತ್ತು ಸಂಗಡಿಗರು, ಬಸರಾಳು. ಸವಿತಾ ಓದಿ ಹೇಳಿದಾಗ ತಾಯಮ್ಮ, "ಸಂಗ್ಡಿಗ್ರು ಅಂತಾನೂ ಆಕವ್ರಾ? ಒಳ್ಳೇದಾಯ್ತು," ಎಂದು ಅವತ್ತು ಎರಡು ಮುದ್ದೆ ಉಂಡಳಂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಬಿಸಿಹಾಲು ಕುಡಿದ ಬೆಕ್ಕು ಮಜ್ಜಿಗೆಗೂ ಹೆದರುತ್ತದಲ್ಲ, ಸವಿತಾ ಹಾಗಾಗಿದ್ದಳು. ಇನ್ನು ಯಾರೂ ಅತ್ತೆಯ ಹಾಡಿಗೆ ಕೈಹಾಕಬಾರದು ಎಂದು ಒಬ್ಬ ಮಧ್ಯವರ್ತಿಯ ಮೂಲಕ ಮದುವೆ ಮನೆಯ ರೆಕಾರ್ಡಿಂಗುಗಳನ್ನೆಲ್ಲ ನೋಂದಾಯಿಸಿ, ತಾನೂ ಯಂತ್ರದ ಕಾವಲು ಹಾಕಿಸಿದಳು. ನನಗೆ ಹೇಳಲಿಲ್ಲ, ತಾಯಮ್ಮನಿಗೂ ಹೇಳಲಿಲ್ಲ. ಅದರಿಂದ ಒಂದು ಉಪಕಾರವೂ ಆಯಿತು ಎನ್ನಬೇಕು. ಯಾರೋ ಡಿಜೆಯವನು ತಾಯಮ್ಮನ ದನಿಯನ್ನೇ ಎತ್ತಿ ಡಬಡಬ ಹೊಡೆತಕ್ಕೆ ಕೂರಿಸಿ ತನ್ನ ಹೆಸರು ಹಾಕಿಕೊಂಡಿದ್ದ. ಅವನನ್ನು ಯಂತ್ರ ಹಿಡಿಯಿತು, ಅವನು ಕ್ಷಮೆ ಕೇಳಿ ಹೆಸರು ಹಾಕಿದ. ಆದರೆ ಯಂತ್ರ ಅಲ್ಲಿಗೆ ನಿಲ್ಲಲಿಲ್ಲ.

ಒಂದು ಭಾನುವಾರ, ತಾಯಮ್ಮನ ಸಂಗಡಿಗರ ಪದ ಹಿಡಿಯಲು ಮೈಕ್ ಎಲ್ಲಿಡಬೇಕೆಂದು ಸವಿತಾಳಿಗೆ ತೋರಿಸಲು ನಾನು ಬಸರಾಳಿನಲ್ಲಿದ್ದೆ. ಮನೆಯ ಮುಂದೆ ಒಂದು ಕಾರು ನಿಂತು ಹೆಂಗಸರು ಇಳಿದರು. ಆತಗೂರಿನವರು. ಮುಂದೆ ಬಂದವರ ಹೆಸರು ಜಯಮ್ಮ, ಮದುವೆಯಾದ ಹುಡುಗಿಯ ತಾಯಿ.

"ಇಲ್ಲಿ ತಾಯಮ್ಮ ಅನ್ನೋರು ಯಾರು? ನಮ್ ಮಗ್ಳ ಮದ್ವೆ ವಿಡಿಯೋದಲ್ಲಿ ಸೌಂಡೇ ಬರ್ತಿಲ್ಲ. ತಾಯಮ್ಮನ ಆಡು, ಕದ್ದಿದ್ದೀರಿ ಅಂತ ಬಂದದೆ. ನಾವು ಯಾರ್ದೂ ಕದ್ದಿಲ್ಲ. ನಮ್ ಬಾಯಲ್ಲಿ, ನಮ್ ಮಗಿ ಎಸ್ರಾಕಿ ಯೋಳಿದ್ದೀವಿ."

ತಾಯಮ್ಮನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ನಾನು ಸವಿತಾಳ ಮುಖ ನೋಡಿದೆ. ಅವಳ ಮುಖ ಕೆಂಪಾಗಿತ್ತು.

"ಅತ್ತೆ, ನಮ್ ಚಾನೆಲ್ ನೋಡ್ಕಂಡೇ ಕಲ್ತವ್ರೆ ಅವ್ರು. ಒಂದ್ ಮಾತು ಕೇಳ್ಬೌದಿತ್ತು. ಬೆಂಗ್ಳೂರೋರು ನಮ್ಗೆ ಮಾಡ್ನಿಲ್ವಾ?"

"ಯಾರು ಕದ್ದೋರು ಅಂದಿದ್ದು? ನೀನಾ?"

"ನಾನಲ್ಲ ಅತ್ತೆ, ಮಿಸನ್ನು."

"ಮಿಸನ್ ಕೈಗೆ ನನ್ನೆಸ್ರು ಕೊಟ್ಟೋರು ಯಾರು?"

ತಾಯಮ್ಮ ಜಯಮ್ಮನನ್ನು ಚಾಪೆಯ ಮೇಲೆ ಕೂರಿಸಿಕೊಂಡು, "ನೀವೇ ಯೋಳಿದ್ರೇನವ್ವ? ಟೇಪ್ ಆಕ್ನಿಲ್ವಲ್ಲ?" ಎಂದು ಕೇಳಿದಳು. ನಾವೇ, ಎಂದರು ಎಲ್ಲರೂ ಒಟ್ಟಿಗೆ. ತಾಯಮ್ಮ ಸೊಸೆಯ ಕಡೆ ತಿರುಗಿದಳು.

"ಕಲೀಲಿ ಅಂತ ತಾನೆ ಆಕ್ದುದ್ದು ನಾವು? ನಾನು ನಮ್ಮತ್ತೆ ತಾವ ಕಲ್ತೆ. ನಮ್ಮತ್ತೆ ಅವ್ರತ್ತೆ ತಾವ. ಯಾರಾರ ಬಾಯ್ಮುಚ್ಚು ಅಂದಿದ್ರಾ? ನನ್ ಗಂಟ್ಲು ಕಿತ್ಕಂಡೋಗೋನ್ನ ಇಡ್ಕೊ, ಬ್ಯಾಡ ಅನ್ನಲ್ಲ. ಪದ ಯೋಳೋರ್ನ ಯಾಕವ್ವ ಇಡೀತೀಯ? ಬುಡು ಮೊದ್ಲು."

ನಾನು ಇಷ್ಟು ವರ್ಷ ಹುಡುಕಿದ್ದು ಆ ಎರಡು ಮಾತಿನಲ್ಲಿತ್ತು. ಕಾನೂನಿನ ಪುಸ್ತಕ ಇದನ್ನೇ ಉದ್ದಕ್ಕೆ ಬರೆದಿದೆ, ನೀವು ಅದನ್ನೂ ಓದಿ. ಸವಿತಾ ಕಣ್ಣೊರೆಸಿಕೊಂಡು ಫೋನು ತೆಗೆದಳು. ಆ ದೂರನ್ನು ಹಿಂದಕ್ಕೆ ಪಡೆದಳು. ಬಾಯಲ್ಲಿ ಹೇಳಿದವರನ್ನು ಹಿಡಿಯದ ಹಾಗೆ ಕಾವಲನ್ನು ಸಡಿಲಿಸುವುದು ಹೇಗೆಂದು ನಾವಿಬ್ಬರೂ ತಲೆ ಕೆಡಿಸಿಕೊಂಡೆವು. ಅದು ಪೂರ್ತಿ ಆಗುವುದಿಲ್ಲ ಎಂದು ಗೊತ್ತಾದಾಗ, ಯಂತ್ರ ಹಿಡಿದದ್ದನ್ನು ತಾನೇ ಕಿವಿ ಕೊಟ್ಟು ಕೇಳಿ ಆಮೇಲೆ ತೀರ್ಮಾನ ಮಾಡುತ್ತೇನೆ ಎಂದು ಸವಿತಾ ಒಪ್ಪಿಕೊಂಡಳು. ಈಗಲೂ ಹಾಗೇ ಮಾಡುತ್ತಿದ್ದಾಳೆ.

ಅಷ್ಟು ಹೊತ್ತಿಗೆ ಜಯಮ್ಮನ ಸಿಟ್ಟು ಇಳಿದಿತ್ತು, ಕಾಫಿಯೂ ಆಗಿತ್ತು. "ಚಿಕ್ಕೋಳ್ ಮದ್ವೆ ಗೊತ್ತಾಗದೆ. ನೀವೇ ಬಂದು ಯೋಳ್ಬೇಕು ಕಣಮ್ಮ," ಎಂದರು.

"ನನ್ ಗಂಟ್ಲು ಒಂಟೋಯ್ತು ಮಗ. ಪದ ಎತ್ತಕ್ಕಾಗಲ್ಲ."

"ನಾವು ಎತ್ತೀವಿ. ನೀವು ಇಂದೆ ಇಡೀರಿ, ಸಾಕು."

ಸೋಬಾನೆಯಲ್ಲಿ ಒಬ್ಬರು ಮುಂದಾಗಿ ಸಾಲು ಎತ್ತಬೇಕು, ಉಳಿದವರು ಅದೇ ಸಾಲನ್ನು ಹಿಂದೆ ಹಿಡಿಯಬೇಕು. ತಾಯಮ್ಮ ಯಾವ ಮನೆಯಲ್ಲೂ ಹಿಂದೆ ಕೂತವಳಲ್ಲ. ಏನನ್ನುತ್ತಾಳೋ ಎಂದು ನಾನು ಕಾದೆ. ಅಷ್ಟರಲ್ಲಿ ಆತಗೂರಿನ ಒಬ್ಬ ಹುಡುಗಿ ತನ್ನ ಫೋನಿನಲ್ಲಿ, "ಸೌಂಡ್ ಬಂತು," ಎಂದು ವಿಡಿಯೋ ಹಾಕಿದಳು. ಜಯಮ್ಮನ ದನಿ ಒಂದು ಸಾಲು ಎತ್ತಿತು. ಹೆಂಗಸರು ಹಿಂದೆ ಹಿಡಿದರು. ಮುಂದಿನ ಸಾಲು ಎತ್ತಿತು. ಈ ಸಲ ಹೆಂಗಸರ ಜೊತೆಗೆ ಚಾಪೆಯ ಮೇಲಿಂದಲೂ ಒಂದು ದನಿ ಎದ್ದಿತು, ಒಡಕು, ಗಾಳಿ ಬೆರೆತದ್ದು, ಅರ್ಧ ಸಾಲು ತಡವಾಗಿ. ಸವಿತಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಸಾಲು ಮುಗಿಯುವ ಮುಂಚೆ ತಾಯಮ್ಮ ಕೈ ಎತ್ತಿ ನಿಲ್ಲಿಸಿದಳು.

"ಮೊದ್ಲಿಂದ ಆಕವ್ವ," ಎಂದಳು ಆ ಹುಡುಗಿಗೆ. "ಇಂದೆ ಇಡ್ದು ನಂಗೆ ಅಭ್ಯಾಸ ಇಲ್ಲ, ಕಲ್ತ್ಕಬೇಕು."